ಎಲಿಯೆಟ್ ಕೊಟ್ಟ ಜಾಹೀರಾತು

ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಎಲಿಯೆಟ್ ಶಾರೇರ್ ನನ್ನ ಗ್ಯಾರೇಜಿಗೆ ಬಂದು, ಗಂಡನ ಕಾರು ಮಾರಬೇಕು, ಇಂಟರ್ನೆಟ್ಟಿಗೆ ಹಾಕಲು ಒಂದು ಜಾಹೀರಾತು ಬರೆದುಕೊಡು ಎಂದಳು. ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ.

ನಮ್ಮೂರು ಲಾಬ್ರುಯೇರ್‌ನಲ್ಲಿ ಆ ಕಾರು ಗೊತ್ತಿಲ್ಲದವರಿಲ್ಲ. 1989ರ ರೆನೋ ಫೈವ್ ಜಿಟಿ ಟರ್ಬೋ, ಕಡುಬೂದು ಬಣ್ಣದ್ದು. ನೋಡಲು ಇಷ್ಟೇ ಇಷ್ಟು. ಆದರೆ ಆಕ್ಸಿಲರೇಟರ್ ತುಳಿದರೆ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಶಿಳ್ಳೆ ಹಾಕಿ, ಹಿಂದಿನಿಂದ ಯಾರೋ ಒದ್ದ ಹಾಗೆ ಮುಂದಕ್ಕೆ ಚಿಮ್ಮುತ್ತದೆ. ಆ ಕಾಲದಲ್ಲಿ ನಮ್ಮ ಗುಡ್ಡಗಾಡಿನ ಗಂಡುಹುಡುಗರಿಗೆಲ್ಲ ಅದರದೇ ಹುಚ್ಚು. ಸುತ್ತಮುತ್ತಲ ಹಳ್ಳಿಗಳಲ್ಲಿ ಹನ್ನೊಂದು ಇದ್ದವು. ಒಂದೊಂದಾಗಿ ಎಲ್ಲ ತಿರುವುಗಳಲ್ಲಿ ಪಲ್ಟಿ ಹೊಡೆದು ಗುಜರಿ ಸೇರಿದವು. ಉಳಿದದ್ದು ಎಲಿಯೆಟ್ ಗಂಡ ಮಾರ್ಸೆಲಾಂ ಶಾರೇರ್‌ನದು ಒಂದೇ. ಅವನು ಅದನ್ನು ಓಬನಾ ಪೇಟೆಯಲ್ಲಿ ಹೊಸದಾಗಿ ಕೊಂಡು ತಂದಿದ್ದ. ಮಳೆಯಲ್ಲಿ ಒಂದು ದಿನವೂ ಹೊರಗೆ ತೆಗೆಯಲಿಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ತಿಂಗಳುಗಳಲ್ಲಂತೂ ಕೊಟ್ಟಿಗೆಯ ಬಾಗಿಲನ್ನೇ ತೆರೆಯುತ್ತಿರಲಿಲ್ಲ. ಸೀಟಿನ ಬಟ್ಟೆ, ರೇಡಿಯೋ, ಹಿಂದಿನ ಗಾಜಿನ ಮೇಲಿನ ಅಂಗಡಿಯ ಚೀಟಿ, ಎಲ್ಲ ಅವತ್ತಿನದೇ. ಮೂವತ್ತು ವರ್ಷ ಅದರ ಎಣ್ಣೆ ಬದಲಿಸಿದವನು ನಾನು.

"ಎಷ್ಟಕ್ಕೆ ಕೊಡ್ತೀಯ?" ಎಂದೆ.

ಅವಳು ಹೇಳಿದ ಬೆಲೆ ಕೇಳಿ ನಗು ಬಂತು. ನಡೆಯುವ ಬೆಲೆಯಲ್ಲಿ ಅರ್ಧವೂ ಇರಲಿಲ್ಲ.

"ಅಷ್ಟಕ್ಕಾದ್ರೆ ನಾನೇ ತಗೋತೀನಲ್ಲೇ!"

"ನಿಂಗೆ ಕೊಡಲ್ಲ."

"ಯಾಕೆ, ನನ್ನ ದುಡ್ಡು ಕೊಳೆತಿದ್ಯಾ?"

"ನೀನಾದ್ರೆ ಫೋನ್ ಮಾಡಲ್ಲ ಫಿರ್ಮಾಂ, ರಸ್ತೆ ದಾಟಿ ಬರ್ತೀಯ. ಬರಿ, ಬಾಯ್ಮುಚ್ಕೊಂಡು ಬರಿ."

ಆ ಮಾತಿನ ಅರ್ಥ ಆಗ ನನಗೆ ಹೊಳೆಯಲಿಲ್ಲ. ಒಂಟಿ ಹೆಂಗಸು, ಕೊಟ್ಟಿಗೆ ಖಾಲಿಯಾಗಲಿ ಅನ್ನಿಸಿರಬೇಕು ಎಂದುಕೊಂಡು ಬರೆದುಕೊಟ್ಟೆ. ಕಾರಿನ ಫೋಟೋ ತೆಗೆಯುವಾಗ ಹಿಂದೆ ಮನೆಯ ಬಾಗಿಲು ಕಾಣಲೇಬೇಕು ಎಂದು ಹಟ ಹಿಡಿದಳು. ಅದನ್ನೂ ಹಾಗೇ ತೆಗೆದೆ.

ಅವಳು ಒಂಟಿಯಾದದ್ದು ಹೇಗೆಂದು ಇಲ್ಲೇ ಹೇಳಿಬಿಡುತ್ತೇನೆ. ಮಾರ್ಸೆಲಾಂ ಮನೆಗಳ ಮಾಡಿಗೆ ಕಲ್ಲುಚಪ್ಪಡಿ ಹೊದಿಸುವ ಕೆಲಸ ಮಾಡುತ್ತಿದ್ದ. ಒಬ್ಬನೇ ಮಗ ಗಿಯೆಮ್ ಅವನ ಜೊತೆಗೇ ದುಡಿಯುತ್ತಿದ್ದ. ಮೂರು ವರ್ಷದ ಹಿಂದೆ, ಜನವರಿಯಲ್ಲಿ, ಇಬ್ಬರೂ ಕೆಲಸದ ವ್ಯಾನಿನಲ್ಲಿ ಪೈರಾಲ್ ಘಟ್ಟ ಇಳಿಯುತ್ತಿದ್ದರು. ಗಿಯೆಮ್ ಓಡಿಸುತ್ತಿದ್ದ. ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟಿತ್ತು. ವ್ಯಾನು ಜಾರಿ ಗೋಡೆಗೆ ಬಡಿಯಿತು, ಹಿಂದೆ ಹೇರಿದ್ದ ಚಪ್ಪಡಿಗಳು ಮುಂದಕ್ಕೆ ನುಗ್ಗಿದವು. ಗಿಯೆಮ್‌ಗೆ ಹುಬ್ಬಿನ ಮೇಲೊಂದು ಗಾಯ, ಅಷ್ಟೇ. ಮಾರ್ಸೆಲಾಂ ಚಪ್ಪಡಿಗಳ ನಡುವೆ ಸಿಕ್ಕಿಕೊಂಡು ಎರಡು ಗಂಟೆ ಬದುಕಿದ್ದ.

ಮಣ್ಣು ಮಾಡಿ ಒಂದು ವಾರವಾದ ಮೇಲೆ ಗಿಯೆಮ್ ಒಂದು ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಹೋದ. ಅಡುಗೆಮನೆಯ ಮೇಜಿನ ಮೇಲೆ ಅವನ ಫೋನು, ಅದರ ಪಕ್ಕ ಮನೆಯ ಕೀಲಿಕೈ. ಚೀಟಿ ಇಲ್ಲ, ಮಾತಿಲ್ಲ. ಎಲಿಯೆಟ್ ಪೊಲೀಸ್ ಠಾಣೆಗೆ ಹೋದಳು, ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವನೇ, ಕೂರಿಸಿ ಕಾಫಿ ಕೊಟ್ಟು ಹೇಳಿದ.

"ಮದಾಮ್, ನಿಮ್ಮ ಮಗನಿಗೆ ಮೂವತ್ತೆರಡು ವರ್ಷ. ಬಟ್ಟೆ, ಗುರುತಿನ ಚೀಟಿ ಎಲ್ಲ ತಗೊಂಡು ಹೋಗಿದಾರೆ. ಮನೆ ಬಿಟ್ಟು ಹೋಗೋದು ಅಪರಾಧ ಅಲ್ಲ. ಸಿಕ್ಕಿದ್ರೂ, ಅವರು ಬೇಡ ಅಂದ್ರೆ ವಿಳಾಸ ನಿಮಗೆ ಕೊಡೋ ಹಾಗಿಲ್ಲ."

"ಬದುಕಿದಾನೆ ಅಂತಾನಾದ್ರೂ ಹೇಳ್ತೀರಾ?"

"ಅಷ್ಟು ಹೇಳ್ತೀವಿ."

ಅಷ್ಟನ್ನೂ ಹೇಳಲು ಅವರಿಗೆ ಏನೂ ಸಿಗಲಿಲ್ಲ.

ಜಾಹೀರಾತು ಬಂದ ದಿನ ಮಧ್ಯಾಹ್ನದೊಳಗೆ ಎಲಿಯೆಟ್‌ಳ ಫೋನು ಬಿಸಿಯಾಯಿತು. ಲಿಯೋನ್‌ನಿಂದ, ಮಾರ್ಸೇಯಿಂದ, ಗಡಿಯಾಚೆ ಬೆಲ್ಜಿಯಮ್ಮಿನಿಂದಲೂ ಕರೆ. ನಮ್ಮೂರ ಕಾಫಿ ಅಂಗಡಿಯಲ್ಲಿ ಅದೇ ಮಾತು.

"ಅರವತ್ತಾರನೇ ವಯಸ್ಸಲ್ಲಿ ಎಲಿಯೆಟ್‌ಗೆ ಗಂಡಸರ ಫೋನಿಂದ ಬಿಡುವಿಲ್ಲ!"

"ನಂದೂ ಒಂದು ಫೋಟೋ ಹಾಕ್ಸಿ, ನೋಡೋಣ."

"ನಿನ್ನ ಗುಜರಿಗೂ ತಗೊಳಲ್ಲ, ಕೂತ್ಕೋ."

ಮೂರನೇ ದಿನ ಲಿಯೋನ್‌ನಿಂದ ಕಾಸ್ತಾನಿಯೆ ಎಂಬ ಹಲ್ಲಿನ ಡಾಕ್ಟರ್ ಒಬ್ಬರು ಬಂದರು. ಒಳ್ಳೆಯ ಕೋಟು ಹಾಕಿಕೊಂಡೇ ಕೊಟ್ಟಿಗೆಯ ನೆಲದ ಮೇಲೆ ಮಲಗಿ, ಟಾರ್ಚ್ ಬಿಟ್ಟು, ಕಾರಿನ ಅಡಿಯನ್ನೆಲ್ಲ ರೋಗಿಯ ಬಾಯಿ ನೋಡುವ ಹಾಗೆ ನೋಡಿದರಂತೆ. ಎದ್ದು ಬಂದಾಗ ಅವರ ಕಣ್ಣಲ್ಲಿ ನೀರಿತ್ತಂತೆ.

"ಮದಾಮ್, ಇಂಥದ್ದನ್ನ ನಾನು ನೋಡೇ ಇಲ್ಲ. ನೀವು ಕೇಳಿದ್ದರ ಎರಡರಷ್ಟು ಕೊಡ್ತೀನಿ."

"ಮಾರಾಟ ಆಗೋಯ್ತು."

"ಯಾವಾಗ?"

"ಈಗ. ನೀವು ಕಾರಡಿ ಮಲಗಿದ್ರಲ್ಲ, ಆಗ."

ಅವರು ಕೆಂಪಗಾಗಿ ನೇರ ನನ್ನ ಗ್ಯಾರೇಜಿಗೆ ಬಂದರು. "ಆಯಮ್ಮಂಗೆ ತಲೆ ನೆಟ್ಟಗಿದ್ಯೇನ್ರೀ? ನನಗಿಂತ ಮುಂಚೆ ಎಂಟು ಜನಕ್ಕೆ ಹೀಗೇ ಹೇಳಿದಾರಂತೆ!" ಎಂದು ರೇಗಾಡಿ, ತಮ್ಮ ನಂಬರು ಬರೆದ ಚೀಟಿ ಕೊಟ್ಟು ಹೋದರು.

ನಾನು ರಸ್ತೆ ದಾಟಿದೆ. ಎಲಿಯೆಟ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕೂತಿದ್ದಳು, ಫೋನು ಮಡಿಲಲ್ಲೇ ಇತ್ತು.

"ಏನೇ ಇದು ಆಟ? ಮಾರೋ ಮನಸ್ಸಿಲ್ದಿದ್ರೆ ಯಾಕೆ ಬರೆಸ್ದೆ?"

ಅವಳು ತಲೆ ಎತ್ತಲಿಲ್ಲ. "ಅವನು ನೋಡ್ಲಿ ಅಂತ."

"ಯಾರು?"

"ಇನ್ಯಾರು? ಈ ಥರದ ಕಾರಿನ ಜಾಹೀರಾತು ಎಲ್ಲೇ ಬಂದ್ರೂ ನೋಡ್ದೆ ಬಿಡೋನಲ್ಲ ಅವನು. ಚಿಕ್ಕೋನಿದ್ದಾಗಿಂದ ಅದೇ ಚಾಳಿ. ಮನೆ ಬಾಗಿಲು ಕಂಡ್ರೆ ನಮ್ದೇ ಅಂತ ಗೊತ್ತಾಗತ್ತೆ. ಅಪ್ಪನ ಕಾರನ್ನ ಅರ್ಧ ಬೆಲೆಗೆ ಕೊಡ್ತಿದಾಳೆ ಅಂದ್ರೆ ಸಿಟ್ಟಾದ್ರೂ ಬರ್ಬೇಕಲ್ಲ? ಬಯ್ಯಕ್ಕಾದ್ರೂ ಫೋನ್ ಮಾಡ್ತಾನೆ."

ನಾನು ಅವಳ ಎದುರಿನ ಕುರ್ಚಿ ಎಳೆದುಕೊಂಡು ಕುಳಿತೆ.

"ನಾನೇ ಕಣೋ ಅವನನ್ನ ಕಳಿಸಿದ್ದು," ಎಂದಳು. "ಆಸ್ಪತ್ರೇಲಿ ಡಾಕ್ಟರ್ ಬಂದು ಹೇಳಿದ ತಕ್ಷಣ ನಾನು ಅವನ ಕಡೆ ತಿರುಗಿ, 'ಓಡಿಸ್ತಿದ್ದೋನು ನೀನು ತಾನೆ?' ಅಂದ್ಬಿಟ್ಟೆ. ಒಂದೇ ಮಾತು. ಅವನ ಹುಬ್ಬಿಂದ ರಕ್ತ ಸೋರ್ತಾ ಇತ್ತು, ಅದನ್ನೂ ಒರೆಸ್ಲಿಲ್ಲ ನಾನು. ಮೂರು ವರ್ಷದಿಂದ ಆ ಮಾತನ್ನ ನುಂಗಕ್ಕಾಗ್ತಿಲ್ಲ, ಉಗುಳಕ್ಕಾಗ್ತಿಲ್ಲ."

ಅವಳ ಕೈಯಲ್ಲಿದ್ದ ಆಲೂಗಡ್ಡೆ ಸಿಪ್ಪೆ ಸುಲಿದು ಸುಲಿದು ನೆಲ್ಲಿಕಾಯಿಯಷ್ಟಾಗಿತ್ತು. ನಾನು ಮೆಲ್ಲಗೆ ಕೈಯಿಂದ ಚಾಕು ತೆಗೆದಿಟ್ಟೆ.

ಮಾರ್ಚ್ ಕಳೆಯಿತು. ಕರೆಗಳು ಕಡಿಮೆಯಾಗುತ್ತ ಬಂದವು, ಆಮೇಲೆ ನಿಂತೇ ಹೋದವು. ಎಲಿಯೆಟ್ ಊಟ ಬಿಟ್ಟಳು. ಬ್ರೆಡ್ಡಿನ ವ್ಯಾನು ಬಂದು ಹಾರನ್ ಮಾಡಿದರೂ ಫೋನು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನಾನೇ ಅವಳ ಬ್ರೆಡ್ಡು ಕೊಂಡು ಕಿಟಕಿಯ ಮೇಲಿಟ್ಟು ಬರುತ್ತಿದ್ದೆ. ಏಪ್ರಿಲ್ ಮೊದಲ ವಾರ ಅವಳೇ ಬಂದಳು.

"ಇನ್ನೊಂದು ಬರಿ. ಬಿಡಿಭಾಗ ಮಾಡಿ ಮಾರ್ತೀನಿ. ಎಂಜಿನ್ ಬೇರೆ, ಬಾಗಿಲು ಬೇರೆ, ಸೀಟು ಬೇರೆ. ಉಳಿದದ್ದು ಗುಜರಿಗೆ."

"ಹುಚ್ಚು ಹಿಡಿದಿದ್ಯಾ ನಿಂಗೆ?"

"ಮಾರಿದ್ರೆ ಸಹಿಸ್ಕೊಂಡ. ಕೊಚ್ಚಿದ್ರೆ ಸಹಿಸ್ಕೋತಾನಾ ನೋಡೋಣ."

"ನನ್ನ ಕೈಲಿ ಆಗಲ್ಲ ಎಲಿಯೆಟ್. ನಾನು ಬರೆಯಲ್ಲ."

ಅವಳು ಪಂಚಾಯ್ತಿ ಕಚೇರಿಯ ಕಂಪ್ಯೂಟರಿನಲ್ಲಿ ತಾನೇ ಬರೆದು ಹಾಕಿದಳು. ಮರುದಿನ ಬೆಳಿಗ್ಗೆ ಕೊಟ್ಟಿಗೆಯಿಂದ ಕಬ್ಬಿಣ ಬಡಿಯುವ ಸದ್ದು ಕೇಳಿ ಓಡಿದೆ. ಬರಿ ಬರೆದರೆ ಯಾರೂ ನಂಬುವುದಿಲ್ಲ, ಫೋಟೋ ಬೇಕು ಎಂದು ಅವಳು ಗಂಡನ ಸುತ್ತಿಗೆ, ಅಡುಗೆಮನೆಯ ಚಾಕು ಹಿಡಿದು ಮುಂದಿನ ದೀಪ ಕೀಳುತ್ತಿದ್ದಳು. ಮೂವತ್ತು ವರ್ಷ ಒಂದು ಗೀರೂ ಕಾಣದ ಬಣ್ಣದ ಮೇಲೆ ಸುತ್ತಿಗೆಯ ಗುರುತು. ಚಾಕು ಜಾರಿ ಅವಳ ಎಡ ಅಂಗೈ ಸೀಳಿತ್ತು. ರಕ್ತ ಬಂಪರಿನಿಂದ ತೊಟ್ಟಿಕ್ಕುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ನಿಲ್ಸೇ! ನಿಲ್ಸು ಅಂದ್ರೆ!"

"ಬಿಡೋ ಕೈನ! ನಿಂಗೆ ಕಾರು ಹೆಚ್ಚಾ? ಕಾರು ಹೆಚ್ಚೇನೋ ನಿಂಗೆ?"

ಹೆಚ್ಚಲ್ಲ ಎಂದು ಹೇಳಲು ನನಗೆ ಒಂದು ಉಸಿರಿನಷ್ಟು ತಡವಾಯಿತು. ಆ ತಡಕ್ಕೆ ಈಗಲೂ ನಾಚಿಕೆಯಾಗುತ್ತದೆ. ಅವಳ ಕೈಗೆ ಬಟ್ಟೆ ಕಟ್ಟಿದೆ. ಆಮೇಲೆ ನನ್ನ ಪೆಟ್ಟಿಗೆ ತಂದು, ಇನ್ನಷ್ಟು ಹಾಳಾಗದ ಹಾಗೆ, ನಾನೇ ಬಾನೆಟ್ ಬಿಚ್ಚಿದೆ, ಎರಡೂ ಬಾಗಿಲು ಬಿಚ್ಚಿದೆ, ದೀಪ ತೆಗೆದೆ. ಎಲ್ಲವನ್ನೂ ಗೋಡೆಗೆ ಒರಗಿಸಿದೆ. ಅವಳು ಫೋಟೋ ತೆಗೆದಳು. ಬೋಳಾಗಿ ನಿಂತ ಆ ಕಾರನ್ನು ನೋಡಲಾಗದೆ ಹೊರಗೆ ಬಂದು ನಿಂತೆ.

ಆಮೇಲೆ ಬಂದ ಕರೆಗಳು ಬೇರೆ ಬಗೆಯವು. ಕೊಲೆಗಾತಿ, ಮುದಿ ದೆವ್ವ, ಗಂಡ ಗೋರಿಯಿಂದ ಎದ್ದು ಬರ್ತಾನೆ ನೋಡು, ಹೀಗೆ. ಒಬ್ಬನಂತೂ ಫೋನಿನಲ್ಲೇ ಅತ್ತ. ಡಾಕ್ಟರ್ ಕಾಸ್ತಾನಿಯೆ ದಿನಕ್ಕೆರಡು ಸಲ ಬೇಡಿಕೊಂಡರು. ಎಲಿಯೆಟ್ ಯಾವುದನ್ನೂ ನಡುವೆ ಕತ್ತರಿಸಲಿಲ್ಲ. ಬಯ್ಯುವ ಪ್ರತಿಯೊಬ್ಬನ ದನಿಯನ್ನೂ ಕೊನೆಯ ಮಾತಿನವರೆಗೆ ಕೇಳಿದಳು, ಅದರಲ್ಲಿ ಎಲ್ಲಾದರೂ ಮಗನ ದನಿ ಇದ್ದೀತೆಂದು.

ನಾಲ್ಕನೇ ದಿನ ಮಧ್ಯಾಹ್ನ ನನ್ನ ಗ್ಯಾರೇಜಿನ ಫೋನು ಹೊಡೆದುಕೊಂಡಿತು. ಎತ್ತಿದೆ. ಆ ಕಡೆ ಗಾಳಿಯ ಸದ್ದು, ಪಂಪಿನ ಸದ್ದು.

"ಬಾಗಿಲು ವಾಪಸ್ ಹಾಕು ಫಿರ್ಮಾಂ ಮಾವ."

ಟೈರುಗಳ ಮೇಲೆ ಕುಳಿತು ಫೋನನ್ನು ಕಿವಿಗೆ ಒತ್ತಿದೆ.

"ಗಿಯೆಮ್! ಎಲ್ಲಿದೀಯೋ?"

"ಅಮ್ಮಂಗೆ ಏನಾಗಿದೆ? ಹುಷಾರಿಲ್ವಾ? ಯಾಕ್ ಹೀಗ್ ಮಾಡ್ತಿದಾಳೆ?"

"ನಿನ್ನಿಂದ ಈ ಒಂದು ಫೋನ್ ಬರ್ಲಿ ಅಂತ. ಇರು, ಕರೀತೀನಿ, ಎದುರುಗಡೆನೇ ಇದಾಳೆ—"

"ಬೇಡ. ಕರೆದ್ರೆ ಇಡ್ತೀನಿ."

ಇಡಬೇಡ ಎಂದು ಗೋಗರೆದೆ. ಏನು ಹೇಳಿದರೆ ಇವನು ನಿಲ್ಲುತ್ತಾನೆ ಎಂದು ತೋಚದೆ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಆಸ್ಪತ್ರೇಲಿ ಅವಳು ಅಂದ ಮಾತನ್ನ ಮನಸ್ಸಲ್ಲಿ ಇಟ್ಕೋಬೇಡ ಕಣಪ್ಪ. ಅವಳು ಅದಕ್ಕೇ ದಿನಾ ಸಾಯ್ತಿದಾಳೆ."

"ಯಾವ ಮಾತು?"

"ಓಡಿಸ್ತಿದ್ದೋನು ನೀನು ತಾನೆ, ಅಂತ."

ಆ ಕಡೆ ಪಂಪು ಆರಿಸಿದ ಸದ್ದು.

"ಹಾಗಂದ್ಲಾ? ನಂಗೆ ಕೇಳಿಸೇ ಇಲ್ಲ ಮಾವ. ಅವತ್ತು ನಂಗೆ ಏನೂ ಕೇಳಿಸ್ತಿರ್ಲಿಲ್ಲ." ಅವನ ದನಿ ಒಡೆಯಿತು. "ಘಟ್ಟದ ತುದೀಲಿ ಅಪ್ಪ ನಿಲ್ಸು ಅಂದ್ರು. ಮಂಜಲ್ಲಿ ಜಾರದ ಹಾಗೆ ಚಕ್ರಕ್ಕೆ ಸರಪಳಿ ಹಾಕೋಣ ಅಂದ್ರು. ನಾನು, ಏನೂ ಬೇಡ, ಮನೇಲಿ ಸೂಪ್ ಆರೋಗತ್ತೆ, ಅಂದೆ. ನಗಾಡ್ಕೊಂಡು ಅಂದೆ ಮಾವ. ಇದು ಯಾರಿಗೂ ಗೊತ್ತಿಲ್ಲ. ಅಮ್ಮನ ಎದುರು ಊಟಕ್ಕೆ ಕೂತ್ರೆ ಪ್ರತಿ ತುತ್ತಿಗೂ ಅದೇ ಬಾಯಿಗೆ ಬರೋದು. ಹೇಳಕ್ಕೂ ಆಗ್ಲಿಲ್ಲ, ಇರಕ್ಕೂ ಆಗ್ಲಿಲ್ಲ."

ಭಾನುವಾರ ನಾಲ್ಕು ಗಂಟೆಗೆ ಅಮ್ಮನಿಗೆ ಮಾಡುತ್ತೇನೆ ಎಂದು ಹೇಳಿ ಇಟ್ಟುಬಿಟ್ಟ.

ನಾನು ಹೋಗಿ ಎಲಿಯೆಟ್‌ಗೆ ಎಲ್ಲ ಹೇಳಿದೆ. ಬದುಕಿದ್ದಾನೆ ಎಂದ ಕೂಡಲೇ ಅವಳು ಗೋಡೆ ಹಿಡಿದುಕೊಂಡಳು. ಸರಪಳಿಯ ವಿಷಯ ಹೇಳಿದಾಗ ಮುಖ ಕಲ್ಲಿನಂತಾಯಿತು. ಸಿಟ್ಟೋ ದುಃಖವೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಸತ್ತವನು ಅವಳ ಗಂಡ.

"ಸೂಪ್ ಆರೋಗತ್ತೆ ಅಂದ್ನಾ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಭಾನುವಾರ ಮೂರಕ್ಕೇ ನಾವಿಬ್ಬರೂ ಫೋನಿನ ಎದುರು ಕುಳಿತೆವು. ನಾಲ್ಕಾಯಿತು. ಐದಾಯಿತು. ಆರಕ್ಕೆ ಅವಳು ಎದ್ದು, "ಅವನು ಮಾಡಲ್ಲ. ಯಾವ ನಂಬರಿಂದ ಮಾಡಿದ್ದ?" ಎಂದಳು. ನನ್ನ ಫೋನಿನಲ್ಲಿ ನಂಬರು ಉಳಿದಿತ್ತು. ಸೋಮವಾರ ಬೆಳಿಗ್ಗೆ ಅದಕ್ಕೆ ಫೋನ್ ಮಾಡಿದೆ. ದಕ್ಷಿಣದ ಕಡಲಂಚಿನ ಬೂಜಿಗ್ ಊರಿನ ಆಯ್‌ಸ್ಟರ್ ಎಂಬ, ತಿನ್ನುವ ಕಡಲಚಿಪ್ಪು ತೊಳೆಯುವ ಶೆಡ್ ಒಂದರದು. ಎತ್ತಿದ ಹೆಂಗಸು, "ಗಿಯೆಮ್? ಹಿಂದೆ ಬುಟ್ಟಿ ತೊಳೀತಿದಾನೆ, ಕರೀಲಾ?" ಎಂದಳು. ನಾನು ಬೇಡ ಎಂದೆ.

"ನಡಿ," ಎಂದಳು ಎಲಿಯೆಟ್. "ಕಾರು ಜೋಡಿಸು."

"ನನ್ನ ವ್ಯಾನಲ್ಲಿ ಹೋಗೋಣ. ಮಳೆ ಬರ್ತಿದೆ."

"ನಿನ್ನ ವ್ಯಾನ್ ಕಂಡ್ರೆ ಅವನು ಒಳಗೆ ಸೇರ್ಕೋತಾನೆ. ಇದನ್ನ ಕಂಡ್ರೆ ಒಂದ್ ಹೆಜ್ಜೆನಾದ್ರೂ ಹೊರಗೆ ಇಡ್ತಾನೆ."

ಮಂಗಳವಾರ ಹೊರಟೆವು. ಕಾರು ತನ್ನ ಜನ್ಮದಲ್ಲೇ ಕಾಣದಂಥ ಮಳೆ. ಗಾಜಿನ ಒರೆಸುಕಡ್ಡಿಗಳು ಒಣಗಿ ಕಿರ್‌ಗುಡುತ್ತಿದ್ದವು. ನೆಟ್ಟಗೆ ಕೂರದ ಬಾಗಿಲಿನಿಂದ ನೀರು ಒಳಗೆ ಬಂದು ಎಲಿಯೆಟ್‌ಳ ತೋಳು ನೆನೆಯಿತು. ಓಡಿಸುತ್ತಿದ್ದವನು ನಾನು. ಪೈರಾಲ್ ಘಟ್ಟದ ತಿರುವಿನಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು, ನಾನು ಗೇರ್ ಇಳಿಸಿ ನಿಧಾನ ಮಾಡಿದೆ. ಹೆದ್ದಾರಿಗೆ ಬಿದ್ದ ಮೇಲೆ ಒಮ್ಮೆ ಮಾತ್ರ, "ಅವನು ಹೋಗು ಅಂದ್ರೆ?" ಎಂದಳು.

ಶೆಡ್ಡಿನ ಮುಂದೆ ನಿಲ್ಲಿಸುವ ಮೊದಲೇ ಎಂಜಿನ್ನಿನ ಸದ್ದಿಗೆ ಒಬ್ಬ ಹೊರಗೆ ಬಂದ. ಎದೆಯವರೆಗೆ ರಬ್ಬರ್ ಉಡುಪು, ಗಡ್ಡ, ಅರ್ಧಕ್ಕೆ ಇಳಿದುಹೋದ ಮೈ. ಕಾರನ್ನು ನೋಡಿದ, ಅದರ ಮೇಲೆ ಹರಿಯುತ್ತಿದ್ದ ನೀರು ನೋಡಿದ, ನನ್ನನ್ನು ನೋಡಿದ.

"ಮಳೇಲಿ ತಂದ್ರಾ?"

ಆಗ ಈಚೆ ಬಾಗಿಲು ತೆರೆದು ಎಲಿಯೆಟ್ ಇಳಿದಳು. ಅವನು ಹಿಂದೆ ಸರಿದು ತಿರುಗಿದ. ಅವಳು ಓಡಲಾರದ ಕಾಲಲ್ಲಿ ಓಡಿ, ಕಟ್ಟು ಹಾಕಿದ ಕೈಯಿಂದಲೇ ಅವನ ತೋಳು ಹಿಡಿದಳು.

"ಫಿರ್ಮಾಂ ಎಲ್ಲಾ ಹೇಳ್ದ. ಸರಪಳಿದೂ ಹೇಳ್ದ."

ಅವನು ನೆಲ ನೋಡುತ್ತ ನಿಂತ.

"ಬೇಕೇ ಬೇಕು ಅನ್ಸಿದ್ರೆ ನಿಮ್ಮಪ್ಪ ತಾವೇ ಇಳಿದು ಹಾಕ್ತಿದ್ರು ಕಣೋ. ನಿನ್ನ ಮಾತು ಕೇಳ್ಕೊಂಡು ಸುಮ್ನಿರೋ ಜೀವ ಅಲ್ಲ ಅದು."

"ಮೂರು ಸಲ ಅಂದ್ರು ಅಮ್ಮ. ಮೂರು ಸಲ."

ದಾರಿಯುದ್ದಕ್ಕೂ ಅವಳು ಕಟ್ಟಿಕೊಂಡು ಬಂದಿದ್ದ ಮಾತು ಅಲ್ಲಿಗೆ ಮುಗಿಯಿತು. ತೋಳನ್ನು ಮಾತ್ರ ಬಿಡಲಿಲ್ಲ. ಮಳೆಯಲ್ಲಿ ಇಬ್ಬರೂ ಹಾಗೇ ನಿಂತಿದ್ದರು. ಒಳಗಿನಿಂದ ಯಾರೋ ಅವನನ್ನು ಕೂಗಿದರು. "ಕೆಲಸ ಇದೆ," ಎಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೋದ.

ನಾವು ತಗಡಿನ ಚಾವಣಿಯ ಕೆಳಗೆ ಕಾದೆವು. ಒಂದು ಗಂಟೆಗೆ ಅವನು ಒಂದು ತಟ್ಟೆ ಆಯ್‌ಸ್ಟರ್, ಬ್ರೆಡ್ಡು, ಮೂರು ಲೋಟ ತಂದು ಹಲಗೆಯ ಮೇಲಿಟ್ಟ. ಅಮ್ಮನ ಕೈ ನೋಡಿ, ಏನಾಯಿತೆಂದು ಕೇಳದೆ, ಒಂದೊಂದೇ ಚಿಪ್ಪು ಬಿಡಿಸಿ ಅವಳ ಮುಂದೆ ಸರಿಸಿದ. ಅವಳು ತಿಂದಳು. ಎಷ್ಟೋ ವಾರಗಳ ಮೇಲೆ ಅವಳು ಹೊಟ್ಟೆ ತುಂಬ ತಿನ್ನುವುದನ್ನು ನಾನು ಕಂಡೆ.

"ನಾನು ಮನೆಗೆ ಬರಲ್ಲ ಅಮ್ಮ."

"ಕರೆಯಕ್ಕೆ ಬಂದಿಲ್ಲ. ನೋಡಕ್ಕೆ ಬಂದೆ. ಇನ್ನೂ ಬರ್ತೀನಿ. ಬಾಗಿಲು ತೆಗೀದಿದ್ರೆ ಹೊರಗೆ ಕೂರ್ತೀನಿ."

ಅವನು ಖಾಲಿ ಚಿಪ್ಪುಗಳನ್ನು ತಟ್ಟೆಗೆ ಕೂಡಿಸಿದ. ಎದ್ದು ಹೋಗುವಾಗ, "ಕಾರು ಮಾರ್ಬಿಡಿ. ಪೂರ್ತಿಯಾಗಿ, ಚೆನ್ನಾಗಿ ನೋಡ್ಕೊಳ್ಳೋರಿಗೆ. ನಂಗೆ ಅದನ್ನ ನೋಡಕ್ಕಾಗಲ್ಲ," ಎಂದ.

ಮೇ ತಿಂಗಳಲ್ಲಿ ಡಾಕ್ಟರ್ ಕಾಸ್ತಾನಿಯೆ ಬಂದು ತೆಗೆದುಕೊಂಡು ಹೋದರು. ಬಾನೆಟ್ಟಿನ ಸುತ್ತಿಗೆ ಗುರುತು ನೋಡಿ ಅವರು ಬಾಯಿ ತೆರೆದರು. ನಾನು ಕಣ್ಣಲ್ಲೇ ತಡೆದೆ. ಎಲಿಯೆಟ್ ಕೊಟ್ಟಿಗೆಯ ಕಡೆ ಬರಲೂ ಇಲ್ಲ.

ಈಗ ಅವಳು ತಿಂಗಳಿಗೊಮ್ಮೆ, ಎರಡು ಬಸ್ಸು ಒಂದು ರೈಲು ಬದಲಿಸಿ, ಬೂಜಿಗ್‌ಗೆ ಹೋಗಿ ಬರುತ್ತಾಳೆ. ಜೂನ್‌ನಲ್ಲಿ ಅವನು ಸಿಗಲೇ ಇಲ್ಲ, ದೋಣಿಯಲ್ಲಿ ಹೋಗಿದ್ದಾನೆ ಎಂದರಂತೆ. ಅವಳು ಸಂಜೆಯವರೆಗೆ ಕೂತು ವಾಪಸಾದಳು. ಜುಲೈನಲ್ಲಿ ಅರ್ಧ ಗಂಟೆ ಸಿಕ್ಕ. ಮೊನ್ನೆ ಹೋದಾಗ, ವ್ಯಾನಿನಲ್ಲಿ ಸಿಕ್ಕಿಕೊಂಡಿದ್ದ ಆ ಹೊತ್ತಿನಲ್ಲಿ ಮಾರ್ಸೆಲಾಂ ಏನೇನು ಮಾತಾಡಿದ ಎಂಬುದನ್ನು ಅವನು ಮೊದಲ ಸಲ ಬಾಯಿಬಿಟ್ಟು ಹೇಳಿದನಂತೆ. ಬಸ್ಸು ಇಳಿದವಳು ಮನೆಗೆ ಹೋಗದೆ ನೇರ ಗ್ಯಾರೇಜಿಗೆ ಬಂದು ಅಷ್ಟನ್ನು ಹೇಳಿದಳು. ಮುಂದೆ ಹೇಳಲು ಹೊರಟು, ಆಗದೆ, ನನ್ನ ಕುರ್ಚಿಯಲ್ಲಿ ಕೋಟು ಕೂಡ ಬಿಚ್ಚದೆ ಕುಳಿತಳು. ನಾನು ಶಟರ್ ಅರ್ಧ ಎಳೆದು, ಕಾಫಿಗೆ ನೀರಿಟ್ಟೆ.